ಹಳದಿ ಗೆರೆಯ ನಟ್ಟು

ಪೋಸ್ಟ್‌ಮ್ಯಾನ್ ಹೆಂಡತಿ ಠಾಣೆಯ ಮೆಟ್ಟಿಲು ಹತ್ತಿ ಬರುವುದಕ್ಕೂ, ಬೈಕು ರಿಪೇರಿಯ ಮೇಸ್ತ್ರಿಯನ್ನು ಹೊರಗೆ ಕರೆದುಕೊಂಡು ಹೋಗುವುದಕ್ಕೂ ಸರಿಹೋಯಿತು. ಇಬ್ಬರೂ ಬಾಗಿಲಲ್ಲಿ ಎದುರುಬದುರಾದರು.

ಮೇಸ್ತ್ರಿ ಅಲ್ಲೇ ನಿಂತುಬಿಟ್ಟ. ಉಗುರಿನೊಳಗೆಲ್ಲ ಗ್ರೀಸು ಇಳಿದು ಕಪ್ಪಾಗಿದ್ದ ಎರಡೂ ಕೈ ಜೋಡಿಸಿದ.

"ತಪ್ಪಾಯ್ತು ತಾಯಿ. ಪಿನ್ ಹಾಕೋದು ಮರೆತೆ."

ಆಕೆ ಅವನ ಮುಖವನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾಲ್ಕು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು ಅನ್ನಿಸಿತು ನನಗೆ.

ಸೇತುವೆಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಕಳಚಿ ಪೋಸ್ಟ್‌ಮ್ಯಾನ್ ಸತ್ತು ವಾರವಾಗಿತ್ತು. ಅದರ ಹಿಂದಿನ ದಿನವಷ್ಟೇ ಆ ಬೈಕು ರಿಪೇರಿ ಮಾಡಿದ್ದ ಮೇಸ್ತ್ರಿ, ಯಾರೂ ಕೇಳುವ ಮೊದಲೇ ತಾನಾಗಿ ಠಾಣೆಗೆ ಬಂದು ಒಪ್ಪಿಕೊಂಡಿದ್ದ. ಬಂಧಿಸಿದ್ದು ಮಾತ್ರ ನಿನ್ನೆ. ಇವತ್ತು ಆಸ್ಪತ್ರೆಯಲ್ಲಿ ಪರೀಕ್ಷೆ, ಅಲ್ಲಿಂದ ಸೇತುವೆಯಾಚೆಯ ಕೋರ್ಟು, ಕೋರ್ಟಿನಿಂದ ಜೈಲು.

ನಮ್ಮ ಜೀಪು ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿ ಮಲಗಿತ್ತು. ಹಾಗಾಗಿ ಹೆಡ್ ಕಾನ್‌ಸ್ಟೇಬಲ್ ಮೀಸೆಯವರು ಇಲಾಖೆ ತಮಗೆ ಕೊಟ್ಟಿದ್ದ ಬೈಕನ್ನೇ ತೆಗೆದರು. ಅವರ ಹೆಸರನ್ನು ಠಾಣೆಯಲ್ಲಿ ಎಲ್ಲರೂ ಮರೆತೇಬಿಟ್ಟಿದ್ದಾರೆ. ಮೀಸೆ ಅಂದರೆ ಸಾಕು, ಬೀದಿನಾಯಿಯೂ ತಿರುಗಿ ನೋಡುತ್ತದೆ.

ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಅವರು ಹೊರಟಾಗ ಬೈಕಿನ ಹಿಂಭಾಗದಿಂದ ಟಕ್ ಟಕ್ ಅಂತ ಸದ್ದು ಬಂತು.

"ಚೈನ್ ಸಡಿಲ ಆಗಿದೆ ನೋಡಿ, ಬಿಗಿ ಮಾಡಿಸಿ!" ಅಂತ ಕೂಗಿದೆ.

"ಬಂದ್ಮೇಲೆ ಮಾಡಿಸೋಣ ಮೇಡಂ," ಅಂದರು. ತಿರುಗಿ ನೋಡಲಿಲ್ಲ.

ಒಳಗೆ ಬಂದು ಕೂತೆ. ಪೋಸ್ಟ್‌ಮ್ಯಾನ್ ಹೆಂಡತಿ ಕರವಸ್ತ್ರದ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಏನೋ ಇಟ್ಟಳು. ಕೆಸರು ಮೆತ್ತಿಕೊಂಡ ಒಂದು ನಟ್ಟು.

"ಸೇತುವೆ ಹತ್ರ ಚರಂಡೀಲಿ ಸಿಕ್ತು."

"ನೀವೇ ಹುಡುಕಿದ್ರಾ?"

"ದಿನಾ ಹೋಗ್ತಿದ್ದೆ ಮೇಡಂ. ಮನೇಲಿ ಕೂತು ಏನ್ಮಾಡ್ಲಿ? ಅವರು ಬಿದ್ದ ಜಾಗದಲ್ಲಿ ಓಡಾಡಿದ್ರೆ ಸ್ವಲ್ಪ ಸಮಾಧಾನ."

ನನಗೆ ನಾಚಿಕೆಯಾಯಿತು. ರಸ್ತೆಯ ಎರಡೂ ಬದಿ ಹುಡುಕಿದೆವು, ನಟ್ಟು ಸಿಗಲಿಲ್ಲ ಎಂದು ಮೀಸೆಯವರು ನನಗೆ ಹೇಳಿದ್ದರು. ಅವರ ಮಾತು ನಂಬಿ ನಾನು ಅತ್ತ ತಲೆ ಹಾಕಿರಲಿಲ್ಲ.

ಉಗುರಿನಿಂದ ಕೆಸರು ಕೆರೆದೆ. ಕೆರೆದ ಕೂಡಲೇ ಸಿಟ್ಟು ನೆತ್ತಿಗೇರಿತು.

ಈ ಸಿಟ್ಟಿಗೆ ಕಾರಣ ಹೇಳಬೇಕು. ನಾನೂ ಬೈಕು ಓಡಿಸುವವಳು, ಚಕ್ರ ಬಿಚ್ಚಿ ಕಟ್ಟಿ ಬೆರಳು ಜಜ್ಜಿಕೊಂಡವಳು. ಒಂದು ಚಕ್ರ ಕಳಚಬೇಕಾದರೆ ಆಕ್ಸಲ್ಲಿನ, ಅಂದರೆ ಚಕ್ರದ ಅಚ್ಚಿನ, ನಟ್ಟಿಗೆ ಒಂದು ಸ್ಪ್ಯಾನರು, ಬ್ರೇಕಿನ ಕಡ್ಡಿಗೆ ಇನ್ನೊಂದು, ಡಿಸ್ಕ್ ಬ್ರೇಕಾದರೆ ಆರು ಮೂಲೆಯ ಅಲೆನ್ ಕೀ. ಆ ಅಲೆನ್ ತಲೆ ಒಮ್ಮೆ ಸವೆದು ಗುಂಡಗಾಯಿತೋ, ಸುತ್ತಿಗೆ ಉಳಿ ತಂದು ಅದರ ಮುಂದೆ ತಪಸ್ಸು ಕೂರಬೇಕು. ಇವನ್ನೆಲ್ಲ ಕಂಡುಹಿಡಿದ ಮಹಾನುಭಾವರು ಒಂದು ದಿನವೂ ರಸ್ತೆಬದಿಯಲ್ಲಿ ಮಂಡಿಯೂರಿರಲಾರರು.

ಎಲ್ಲಕ್ಕಿಂತ ತಲೆನೋವು ಆಕ್ಸಲ್ ನಟ್ಟು. ಪೋಸ್ಟ್‌ಮ್ಯಾನ್‌ನದು ಹಳೆಯ ಬೈಕು. ಅದರ ನಟ್ಟಿನ ತಲೆಯ ಮೇಲೆ ಕಿರೀಟದ ಹಾಗೆ ಕಚ್ಚುಗಳಿರುತ್ತವೆ. ಆ ಕಚ್ಚು ಆಕ್ಸಲ್ಲಿನ ತೂತಿಗೆ ಸರಿಯಾಗಿ ಬಂದು ನಿಂತಾಗ ಒಂದು ಪಿನ್ನು ತೂರಿಸಿ, ಅದರ ಕಾಲು ಮಡಚಿದರೆ ನಟ್ಟು ಅಲ್ಲಾಡುವ ಮಾತೇ ಇಲ್ಲ. ಆದರೆ ಬಿಗಿ ಸರಿಯಾದಾಗ ಕಚ್ಚು ತೂತಿಗೆ ಬರುವುದಿಲ್ಲ, ಕಚ್ಚು ಬಂದಾಗ ಬಿಗಿ ಸರಿಯಿರುವುದಿಲ್ಲ. ಅತ್ತ ದರಿ ಇತ್ತ ಪುಲಿ.

ಈ ಗೋಳು ಕೇಳಿ ಕೇಳಿ ಕಂಪನಿಯವರು ಹೊಸ ಬೈಕಿನಲ್ಲಿ ಪಿನ್ನೂ ತೆಗೆದರು, ತೂತೂ ತೆಗೆದರು. ಒಳಗೆ ನೈಲಾನ್ ಬಳೆ ಕೂರಿಸಿದ ನಟ್ಟು ಕೊಟ್ಟರು; ಆ ಬಳೆಯೇ ಆಕ್ಸಲ್ಲನ್ನು ಕಚ್ಚಿ ಹಿಡಿಯುತ್ತದೆ. ಒಳ್ಳೆಯದೇ. ಆದರೆ ಥ್ರೆಡ್ಡಿನ ಅಳತೆಯನ್ನು ಮಾತ್ರ ಹಾಗೇ ಬಿಟ್ಟರು. ಇದರದು ಅದಕ್ಕೆ ಕೂರುತ್ತದೆ, ಅದರದು ಇದಕ್ಕೆ ಕೂರುತ್ತದೆ. ಕೂತ ಮೇಲೆ ಕೊಲ್ಲುತ್ತದೆ.

ಏಕೆಂದರೆ ತೂತಿರುವ ಆಕ್ಸಲ್ಲಿಗೆ ನೈಲಾನ್ ನಟ್ಟು ಹಾಕಿದರೆ, ಬಿಗಿಯುವಾಗಲೇ ತೂತಿನ ಅಂಚು ಆ ಬಳೆಯನ್ನು ಕೆರೆದು ಹಾಕುತ್ತದೆ. ಹೊರಗಿನಿಂದ ಎಲ್ಲ ಗಟ್ಟಿ, ಒಳಗೆ ಹಿಡಿತವೇ ಇಲ್ಲ.

ನನ್ನ ಅಂಗೈಯಲ್ಲಿದ್ದದ್ದು ನೈಲಾನ್ ನಟ್ಟು. ಅದರ ಬಳೆ ಕೆರೆದು ಚಿಂದಿಯಾಗಿತ್ತು.

ಮೇಸ್ತ್ರಿ ಹೇಳಿದ್ದು ಪಿನ್ನು ಮರೆತೆ ಅಂತ. ನಟ್ಟು ಬದಲಾಯಿಸಿದೆ ಅಂತ ಅವನು ಎಲ್ಲೂ ಹೇಳಿರಲಿಲ್ಲ.

"ಅವತ್ತು ನಿಮ್ಮ ಯಜಮಾನರು ಮೇಸ್ತ್ರಿ ಅಂಗಡಿಯಿಂದ ನೇರ ಮನೆಗೇ ಬಂದ್ರಾ?" ಅಂತ ಆಕೆಯನ್ನು ಕೇಳಿದೆ.

"ಇಲ್ಲ, ಲೇಟಾಗಿ ಬಂದ್ರು. ಯಾರೋ ಸ್ನೇಹಿತರು ಸಿಕ್ಕಿದ್ರು ಅಂದ್ರು. ಕೈಯೆಲ್ಲ ಕಪ್ಪಾಗಿತ್ತು, ಸೋಪು ಕೇಳಿದ್ರು." ಆಕೆ ಎದ್ದು ನಿಂತಳು. "ಮೇಡಂ, ಆ ಮೇಸ್ತ್ರಿ ಮುಖ ನೋಡಿದೆ. ಏನೋ ಮುಚ್ಚಿಡ್ತಿದ್ದಾನೆ. ಯಾರನ್ನೋ ಒಳಗೆ ಹಾಕಿ, ನನಗೆ ನ್ಯಾಯ ಸಿಕ್ತು ಅನ್ನಬೇಡಿ. ಅವರು ಯಾಕೆ ಹೋದ್ರು ಅಂತ ನನಗೆ ಗೊತ್ತಾಗಬೇಕು, ಅಷ್ಟೇ."

ಆಕೆ ಹೋದ ಮೇಲೆ ಸಾಕ್ಷ್ಯದ ಕೋಣೆಗೆ ಹೋಗಿ ಆ ಚಕ್ರವನ್ನು ಮತ್ತೆ ನೋಡಿದೆ. ಬಿದ್ದ ಹೊಡೆತಕ್ಕೆ ಟೈರು ರಿಮ್ಮಿನಿಂದ ಕಿತ್ತುಬಂದಿತ್ತು, ಟ್ಯೂಬು ಹೊರಗೆ ಜೋತಾಡುತ್ತಿತ್ತು. ಟ್ಯೂಬಿನ ಒಳಮಗ್ಗುಲಲ್ಲಿ ಒಂದು ಪ್ಯಾಚು. ಅದರ ಸುತ್ತ ಉಜ್ಜಿದ ಗುರುತು ಇನ್ನೂ ಬೆಳ್ಳಗಿತ್ತು.

ನಟ್ಟನ್ನು ಜೇಬಿಗೆ ಹಾಕಿಕೊಂಡು ಮೇಸ್ತ್ರಿಯ ಅಂಗಡಿಗೆ ಹೊರಟೆ.

ಶಟರು ಅರ್ಧ ಎತ್ತಿತ್ತು. ಮೇಸ್ತ್ರಿಯ ಮಗಳು ಸ್ಟ್ಯಾಂಡಿನ ಮೇಲಿದ್ದ ಬೈಕಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಚಕ್ರ ಕಟ್ಟುತ್ತಿದ್ದಳು. ಮೂವತ್ತರ ಹೆಂಗಸು, ಅಪ್ಪನಷ್ಟೇ ಕೆಲಸ ಬಲ್ಲವಳು. ಅಪ್ಪನ ಕಣ್ಣು ಮಂಜಾದ ಮೇಲೆ ಅಂಗಡಿ ನಡೆಯುತ್ತಿರುವುದೇ ಅವಳಿಂದ. ಬೂಟಿನ ಸದ್ದಿಗೆ ತಲೆ ಎತ್ತಲಿಲ್ಲ.

"ಅಪ್ಪನ್ನ ಕರ್ಕೊಂಡು ಹೋದ್ರಾ?"

"ಆಸ್ಪತ್ರೆಗೆ. ಆಮೇಲೆ ಕೋರ್ಟಿಗೆ."

ಸ್ಪ್ಯಾನರು ಜಾರಿ ಅವಳ ಬೆರಳ ಗೆಣ್ಣು ಕಡ್ಡಿಗೆ ಬಡಿಯಿತು. ಬೆರಳನ್ನು ಬಾಯಲ್ಲಿಟ್ಟು ಚೀಪಿಕೊಂಡಳು.

"ಅವತ್ತು ಪೋಸ್ಟ್‌ಮ್ಯಾನ್ ಗಾಡಿ ಚಕ್ರ ಕಟ್ಟಿದ್ದು ಯಾರು?"

"ಅಪ್ಪ ಹೇಳಿದಾರಲ್ಲ."

"ನಾನು ಕೇಳ್ತಿರೋದು ನಿನ್ನನ್ನ."

ನಾನು ನಟ್ಟನ್ನು ಅವಳ ಮುಂದೆ ಹಿಡಿದೆ.

"ಇದು ಆ ಬೈಕಿಂದು. ನಿಮ್ಮಪ್ಪ ಇದನ್ನ ಹಾಕಿದ್ರು."

"ನೈಲಾನಾ?" ಅವಳು ಬೆಚ್ಚಿದಳು. "ಅಪ್ಪನಾ? ಜೀವ ಹೋದ್ರೂ ಹಾಕಲ್ಲ. ತೂತಿರೋ ಆಕ್ಸಲ್‌ಗೆ ನೈಲಾನ್ ಹಾಕೋರ ಕೈ ಕಡೀಬೇಕು ಅಂತಿದ್ರು."

"ಹಾಗಾದ್ರೆ ನೀನು ಹಾಕಿದೆ."

"ಮೇಡಂ!"

"ಕಚ್ಚು ತೂತಿಗೆ ಸರಿಹೋಗ್ಲಿಲ್ಲ. ಬಿಗಿ ಮಾಡಿದೆ, ಸಡಿಲ ಮಾಡಿದೆ, ಸಾಕಾಗಿಹೋಯ್ತು. ಕೈಗೆ ಸಿಕ್ಕಿದ ನೈಲಾನ್ ನಟ್ಟು ಬಿಗಿದು ಕಳಿಸಿಬಿಟ್ಟೆ. ಈಗ ಅಪ್ಪನ್ನ ಜೈಲಿಗೆ ಕಳಿಸಿ ಇಲ್ಲಿ ಆರಾಮಾಗಿ ಕೂತಿದ್ದೀಯ."

ಬೇಕೆಂದೇ ಹಾಗೆ ಮಾತಾಡಿದೆ. ಅವಳು ಸ್ಪ್ಯಾನರು ನೆಲಕ್ಕೆ ಎಸೆದು ಎದ್ದು ನಿಂತಳು.

"ಕಿರೀಟದ ನಟ್ಟೇ ಹಾಕಿದ್ದು ನಾನು! ಅದು ಸರಿಹೋಗ್ಲಿಲ್ಲ ಅಂತ ಬಿಚ್ಚಿ, ಕೆಳಗೆ ತೆಳು ವಾಷರ್ ಕೊಟ್ಟು, ಮತ್ತೆ ಬಿಗಿದು, ಪಿನ್ ಹಾಕಿ ಮಡಚಿ ಕಳಿಸಿದ್ದೀನಿ. ನನ್ನ ಕೈಯಾರೆ. ಬೇಕಾದ್ರೆ ನೇಣು ಹಾಕಿ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಬೆಂಚಿನ ಅಂಚು ಹಿಡಿದುಕೊಂಡಳು.

"ಅಂದ್ರೆ ಚಕ್ರ ಕಟ್ಟಿದ್ದು ನೀನು. ನಿಮ್ಮಪ್ಪ ಸುಳ್ಳು ಹೇಳಿದಾರೆ."

"ನನ್ನ ಪಿನ್ನಿನ ಮೇಲೆ ಅಪ್ಪಂಗೆ ನಂಬಿಕೆ ಇಲ್ಲ," ಅಂದಳು ತಗ್ಗಿದ ದನಿಯಲ್ಲಿ. "ಅಪ್ಪ ಪಿನ್ನಿನ ಎರಡೂ ಕಾಲನ್ನ ನಟ್ಟಿನ ಸುತ್ತ ಅಪ್ಪಿಸ್ತಾರೆ. ನಾನು ಒಂದು ಕಾಲನ್ನ ಆಕ್ಸಲ್ ತುದಿ ಮೇಲೆ ಮಡಚ್ತೀನಿ, ಇನ್ನೊಂದನ್ನ ಗಿಡ್ಡಕ್ಕೆ ಕತ್ತರಿಸಿಬಿಡ್ತೀನಿ. ಗಾಡಿ ಒರೆಸೋವಾಗ ಯಾರ ಬೆರಳೂ ಗೀರಬಾರ್ದು ಅಂತ. ಅದು ಅರ್ಧ ಕೆಲಸ, ಒಂದಿನ ಯಾರದೋ ಪ್ರಾಣ ತೆಗೀತೀಯ ಅಂತ ಬೈತಿದ್ರು. ಸುದ್ದಿ ಬಂದ ತಕ್ಷಣ ನನ್ನ ಮುಖ ನೋಡಿದ್ರು. ಒಂದು ಮಾತೂ ಆಡದೆ ಅಂಗಿ ಹಾಕ್ಕೊಂಡು ಠಾಣೆಗೆ ಹೋದ್ರು."

"ನೀನು ಯಾಕೆ ತಡೀಲಿಲ್ಲ?"

ಅವಳ ಕಣ್ಣು ತುಂಬಿತು.

"ನಾನು ಮಾಡಿದ ಕೆಲಸಾನ ಅಪ್ಪ ಇನ್ನೊಂದ್ಸಲ ಬಿಚ್ಚಿ ನೋಡ್ತಾರೆ ಮೇಡಂ. ನನ್ನ ಕಣ್ಣು ತಪ್ಪಿಸಿ. ಅವರಿಗೆ ಈಗ ಕಣ್ಣೂ ಸರಿಯಾಗಿ ಕಾಣಲ್ಲ. ಅವತ್ತೂ ಬಿಚ್ಚಿ ನೋಡಿ, ಪಿನ್ ವಾಪಸ್ ಹಾಕೋಕೆ ಮರೆತಿದಾರೆ ಅಂದ್ಕೊಂಡೆ. ಅವರೇ ಒಪ್ಕೊಂಡ ಮೇಲೆ ಇನ್ನೇನು ಹೇಳ್ಲಿ? ನಿಮ್ಮ ಕಣ್ಣು ಹೋಗಿದೆ, ಅಂಗಡಿ ಬಿಡಿ ಅಂತ ಜನರ ಮುಂದೆ ಹೇಳ್ಲಾ?"

ಅಪ್ಪ ಮಗಳನ್ನು ಕಾಯುತ್ತಿದ್ದ, ಮಗಳು ಅಪ್ಪನನ್ನು. ಇಬ್ಬರೂ ಒಬ್ಬರ ಮೇಲೊಬ್ಬರು ಅನುಮಾನಪಟ್ಟುಕೊಂಡು, ಅದನ್ನು ಬಾಯಿಬಿಟ್ಟು ಹೇಳಲಾರದೆ, ಇಬ್ಬರೂ ಮಾಡದ ತಪ್ಪನ್ನು ಮನೆಯೊಳಗೆ ಕರೆದು ಕೂರಿಸಿಕೊಂಡಿದ್ದರು.

"ಒಂದು ಕೇಳ್ತೀನಿ, ಯೋಚಿಸಿ ಹೇಳು," ಅಂದೆ. "ಆ ಚಕ್ರದ ಟ್ಯೂಬಿಗೆ ಪ್ಯಾಚ್ ಹಾಕಿದ್ದು ನೀನಾ?"

"ಪ್ಯಾಚಾ? ಯಾವ ಪ್ಯಾಚು? ಹೊಸ ಟ್ಯೂಬ್ ಹಾಕಿ ಕಳಿಸಿದ್ದೆ."

"ನಾನು ಈಗ ನೋಡಿ ಬಂದೆ. ಪ್ಯಾಚ್ ಇದೆ."

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಅವಳಿಗೂ ಹೊಳೆಯಿತು. ಪ್ಯಾಚ್ ಹಾಕಬೇಕಾದರೆ ಚಕ್ರ ಬಿಚ್ಚಬೇಕು. ಚಕ್ರ ಬಿಚ್ಚಬೇಕಾದರೆ ಪಿನ್ನು ತೆಗೆಯಬೇಕು, ನಟ್ಟು ತೆಗೆಯಬೇಕು. ಬೈಕು ಈ ಅಂಗಡಿಯಿಂದ ಹೊರಟ ಮೇಲೆ, ಮನೆ ಸೇರುವ ಮೊದಲು, ಎಲ್ಲೋ ಯಾರೋ ಆ ಚಕ್ರವನ್ನು ಕಳಚಿ ಮತ್ತೆ ಕಟ್ಟಿದ್ದರು. ನೈಲಾನ್ ನಟ್ಟು ಬಂದಿದೆ ಅಂದರೆ, ಅಲ್ಲೇ ಇನ್ನೊಂದು ಹೊಸ ಬೈಕಿನ ಚಕ್ರವನ್ನೂ ಕಳಚಿಟ್ಟಿರಬೇಕು. ಎರಡರ ನಟ್ಟೂ ಒಂದೇ ತಟ್ಟೆಯಲ್ಲಿ ಬಿದ್ದಿದ್ದವು. ಕಟ್ಟುವಾಗ ಅದಲುಬದಲಾದವು.

"ಕೊಡಿ ಇಲ್ಲಿ," ಅಂತ ಅವಳು ನಟ್ಟು ಕಿತ್ತುಕೊಂಡು ಸೀಮೆಎಣ್ಣೆಯ ತಟ್ಟೆಯಲ್ಲಿ ಮುಳುಗಿಸಿ ಬ್ರಷ್ಷಿನಿಂದ ಉಜ್ಜಿದಳು. ಕೆಸರು, ಎಣ್ಣೆ ಬಿಟ್ಟಿತು. ಬೆಳಕಿಗೆ ಹಿಡಿದಳು.

ನಟ್ಟಿನ ಒಂದು ಮಗ್ಗುಲಿನಲ್ಲಿ ಹಳದಿ ಬಣ್ಣದ ಗೆರೆಯಿತ್ತು.

"ಇದೇನು ಬಣ್ಣ? ಇಲ್ಲಿ ಯಾರೂ ಹೀಗೆ ಹಚ್ಚಲ್ಲ," ಅಂದಳು.

ಅದು ಯಾರು ಹಚ್ಚುವ ಬಣ್ಣ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಪೊಲೀಸ್ ಗ್ಯಾರೇಜಿನ ಫಿಟ್ಟರು ಚಕ್ರದ ನಟ್ಟು ಬಿಗಿದ ಮೇಲೆ, ನಟ್ಟಿನಿಂದ ಆಕ್ಸಲ್ಲಿನ ತನಕ ಹಳದಿ ಗೆರೆ ಎಳೆಯುತ್ತಾನೆ. ನಟ್ಟು ಒಂಚೂರು ತಿರುಗಿದರೂ ಗೆರೆ ತಪ್ಪುತ್ತದೆ, ದೂರದಿಂದಲೇ ಕಾಣುತ್ತದೆ. ಈ ಸೀಮೆಯಲ್ಲಿ ಆ ಪದ್ಧತಿ ಇರುವುದು ನಮ್ಮಲ್ಲಿ ಮಾತ್ರ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಕತೆ.

"ಗಾಡಿ ಹತ್ತು," ಅಂದೆ.

"ಎಲ್ಲಿಗೆ?"

"ಠಾಣೆಗೆ. ನೀನು ಒಂದು ಹೇಳಿಕೆ ಕೊಡಬೇಕು. ನಿಮ್ಮಪ್ಪ ಇವತ್ತು ಜೈಲಿಗೆ ಹೋಗೋದು ಬೇಡ."

ದಾರಿಯುದ್ದಕ್ಕೂ ಅವಳು ನನ್ನ ಭುಜ ಬಿಗಿಯಾಗಿ ಹಿಡಿದಿದ್ದಳು.

ಠಾಣೆಯ ಅಂಗಳದಲ್ಲಿ ಇಲಾಖೆಯ ಬೈಕುಗಳು ಸಾಲಾಗಿ ನಿಂತಿದ್ದವು. ಮಂಡಿಯೂರಿ ಒಂದೊಂದರ ಹಿಂದಿನ ಚಕ್ರವನ್ನೂ ನೋಡುತ್ತಾ ಹೋದೆ. ನೈಲಾನ್ ನಟ್ಟು, ಹಳದಿ ಗೆರೆ. ನೈಲಾನ್ ನಟ್ಟು, ಹಳದಿ ಗೆರೆ. ನನ್ನದರಲ್ಲೂ ಇತ್ತು. ಬಾಗಿಲಲ್ಲಿದ್ದ ಪೇದೆ, ಮೇಡಂಗೆ ಏನು ಬಂತಪ್ಪಾ ಅನ್ನುವ ಹಾಗೆ ನೋಡುತ್ತಿದ್ದ.

ಸಾಲಿನ ಕೊನೆಯ ಜಾಗ ಖಾಲಿಯಿತ್ತು. ಅದು ಮೀಸೆಯವರ ಬೈಕಿನ ಜಾಗ.

ಟಕ್ ಟಕ್ ಸದ್ದು ಕಿವಿಯಲ್ಲಿ ಮರುಕಳಿಸಿತು. ಅದು ಚೈನಿನದಲ್ಲ. ಪೋಸ್ಟ್‌ಮ್ಯಾನ್‌ನ ಕಿರೀಟದ ನಟ್ಟು ಆ ಬೈಕಿನಲ್ಲಿತ್ತು. ಹೊಸ ಆಕ್ಸಲ್ಲಿಗೆ ತೂತಿಲ್ಲ, ಪಿನ್ನು ಹಾಕುವ ದಾರಿಯೇ ಇಲ್ಲ. ನೈಲಾನಿನ ಹಿಡಿತವೂ ಇಲ್ಲದೆ, ಪಿನ್ನಿನ ತಡೆಯೂ ಇಲ್ಲದೆ ಆ ನಟ್ಟು ವಾರದಿಂದ ಬಿಡಿಸಿಕೊಳ್ಳುತ್ತಾ ಬಂದಿತ್ತು.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸುಡುವ ರಸ್ತೆಯ ಮೇಲೆ ನನ್ನ ಪಕ್ಕ ಕೂತು ಚಕ್ರ ಕಳಚುವುದನ್ನು ಕಲಿಸಿದವರು ಮೀಸೆ. "ಬಿಚ್ಚಿದ ಕ್ರಮದಲ್ಲೇ ಜೋಡಿಸಿಡಿ ಮೇಡಂ, ಕಟ್ಟುವಾಗ ತಲೆ ಕೆಡಲ್ಲ," ಅಂದಿದ್ದರು. ದಿನವೂ ಟಪಾಲು ತರುತ್ತಿದ್ದ ಪೋಸ್ಟ್‌ಮ್ಯಾನನ್ನು ಮನೆಯವನಂತೆ ನೋಡಿಕೊಂಡವರು. ಪಂಕ್ಚರಾದ ಗೆಳೆಯನಿಗೆ ಕೈಜೋಡಿಸಿದ್ದರಲ್ಲಿ ಪಾಪವೇನಿದೆ? ನಟ್ಟು ಅದಲುಬದಲಾಗಿದ್ದು ಯಾರ ಕೈಯಿಂದಲೂ ಆಗಬಹುದಾದ ತಪ್ಪು. ಗೊತ್ತಿಲ್ಲದೆ ಆಗಿದ್ದರೆ ಅವರಿಗೆ ಇನ್ನೂ ಗೊತ್ತಿರಲಿಕ್ಕಿಲ್ಲ.

ಹಾಗೆ ಅಂದುಕೊಳ್ಳುತ್ತಲೇ ಒಳಗೆ ಓಡಿದೆ.

"ಮೀಸೆ ಎಲ್ಲಿ?" ಅಂತ ಮೇಜಿನ ಹಿಂದಿದ್ದ ಪೇದೆಯನ್ನು ಕೇಳಿದೆ.

"ಆಸ್ಪತ್ರೆಯಿಂದ ಈಗಷ್ಟೇ ಫೋನ್ ಬಂತು ಮೇಡಂ. ಪರೀಕ್ಷೆ ಮುಗೀತಂತೆ. ಕೋರ್ಟಿಗೆ ಹೊರಟ್ರಂತೆ."

ಆಸ್ಪತ್ರೆಯಿಂದ ಕೋರ್ಟಿಗೆ ಇರುವುದು ಒಂದೇ ದಾರಿ. ಸೇತುವೆಯ ಇಳಿಜಾರು.

ಮೀಸೆಯವರ ಮೊಬೈಲಿಗೆ ಫೋನ್ ಮಾಡಿದೆ. ರಿಂಗಾಯಿತು. ಕೋಣೆಯ ಮೂಲೆಯಲ್ಲಿ, ಅವರ ಮೇಜಿನ ಡ್ರಾಯರಿನೊಳಗೆ.

"ಸೇತುವೆ ಚೌಕಿಗೆ ಫೋನ್ ಮಾಡು! ಆ ಬೈಕು ತಡೀರಿ ಅನ್ನು, ಹೇಗಾದ್ರೂ ತಡೀರಿ ಅನ್ನು!" ಪೇದೆ ಫೋನಿನತ್ತ ಧಾವಿಸಿದ.

ನಾನು ಡ್ರಾಯರು ಎಳೆದೆ. ಫೋನು ಒಂದು ಮಡಿಸಿದ ಕಾಗದದ ಮೇಲೆ ನಡುಗುತ್ತಿತ್ತು. ಫೋನು ಎತ್ತಿಕೊಂಡಾಗ ಕಾಗದ ಬಿಚ್ಚಿಕೊಂಡಿತು. ಅದರೊಳಗೆ ಸಣ್ಣದೊಂದು ಕಬ್ಬಿಣದ ಚೂರು.

ಮೇಸ್ತ್ರಿಯ ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಕೈ ಚಾಚಿ ಎತ್ತಿಕೊಂಡಳು.

ಪಿನ್ನು. ಎಳೆದು ತೆಗೆಯಲು ನೆಟ್ಟಗೆ ಮಾಡಿದ್ದರೂ ಮಡಿಕೆಯ ಗುರುತು ಉಳಿದಿತ್ತು. ಒಂದು ಕಾಲು ಉದ್ದ. ಇನ್ನೊಂದು ಗಿಡ್ಡಕ್ಕೆ ಕತ್ತರಿಸಿದ್ದು.

"ನಂದು," ಅಂದಳು. "ನಾನು ಹಾಕಿದ ಪಿನ್ನು."

ಮೀಸೆಯವರಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು. ಮೇಸ್ತ್ರಿ ಕೈಮುಗಿದು ಒಪ್ಪಿಕೊಂಡಾಗ ಪಕ್ಕದಲ್ಲೇ ನಿಂತಿದ್ದರು, ರಸ್ತೆಬದಿಯಲ್ಲಿ ನಟ್ಟು ಸಿಗಲಿಲ್ಲ ಅಂದಿದ್ದರು, ತಮ್ಮ ಬೈಕಿನ ಸದ್ದು ಕೇಳಿಯೂ ಬಂದ ಮೇಲೆ ನೋಡೋಣ ಅಂದಿದ್ದರು. ಗೊತ್ತಿದ್ದೂ ಅದೇ ಬೈಕಿನಲ್ಲಿ, ಅದೇ ದಾರಿಯಲ್ಲಿ ಮೇಸ್ತ್ರಿಯನ್ನು ಕರೆದುಕೊಂಡು ಹೋದದ್ದು ಯಾಕೆ? ಫೋನನ್ನು ಇಲ್ಲಿ ಬಿಟ್ಟುಹೋದದ್ದು ಮರೆತೋ, ಬೇಕೆಂದೋ?

ಪೇದೆ ರಿಸೀವರು ಕಿವಿಗೆ ಹಿಡಿದು ನಿಂತಿದ್ದ. ಅದನ್ನು ಕೆಳಗಿಳಿಸಿದ.

"ಮೇಡಂ, ಆ ಬೈಕು ಚೌಕಿ ದಾಟಿ ಇಳಿಜಾರಿಗೆ ಹೋಗಾಯ್ತಂತೆ. ಕೈ ತೋರಿಸಿದ್ರಂತೆ, ಮೀಸೆಯವರು ನಿಲ್ಲಿಸ್ಲಿಲ್ಲವಂತೆ."

ಮೇಸ್ತ್ರಿಯ ಮಗಳು ಪಿನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನನ್ನ ಕಡೆ ತಿರುಗಿದಳು.

"ಹಿಂದೆ ಕೂತಿರೋದು ನಮ್ಮಪ್ಪ ಅಲ್ವಾ ಮೇಡಂ?"